ಗಣಿತದ ನೋಟ್‌ಬುಕ್ ಕದ್ದವರು

ಶುಕ್ರವಾರ ಕಳುವಾದ ಸಪ್ನಾಳ ಗಣಿತದ ನೋಟ್‌ಬುಕ್ ಸೋಮವಾರ ಬೆಳಿಗ್ಗೆ ಅವಳ ಬೆಂಚಿನ ಮೇಲೇ ಸಿಕ್ಕಿತು. ಒಂದು ಹಾಳೆಯೂ ಹರಿದಿರಲಿಲ್ಲ. ಬದಲಿಗೆ ಪ್ರತಿ ಇಂಗ್ಲಿಷ್ ಪದದ ಪಕ್ಕ ಪೆನ್ಸಿಲಿನಲ್ಲಿ ಕನ್ನಡ ಅರ್ಥ—ಅಚ್ಚು ಹಾಕಿದಂಥ ಅಕ್ಷರ. ಎಂಥ ಕಳ್ಳರಪ್ಪಾ ಇವರು?

ನಾನು ಬೆಳಗಾವಿಯ ಈ ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವನು. ಸಿಟ್ಟು ಸ್ವಲ್ಪ ಜಾಸ್ತಿ. ಎಂಜಿನಿಯರ್ ಆಗಬೇಕೆಂದು ಖಾನಾಪುರದ ಕನ್ನಡ ಶಾಲೆಯಿಂದ ಬಂದಿದ್ದ ಸಪ್ನಾಳ ತಲೆಗೆ ನಮ್ಮ ಇಂಗ್ಲಿಷ್ ಪಾಠ ಹತ್ತುತ್ತಿರಲಿಲ್ಲ. ಟಿಸಿ ಒಯ್ಯಲು ಅವಳ ತಂದೆ ಬಾಳಪ್ಪ ಆ ಸೋಮವಾರವೇ ಸ್ಟಾಫ್ ರೂಮಿಗೆ ಬಂದು ಕುಳಿತಿದ್ದರು.

“ಇದರಾಗ ಬರದದ್ದು ತಿಳಿತೈತ್ರಿ,” ಎಂದಳು ಸಪ್ನಾ. “ಬರದವರು ಬಾಜು ಕುಂತು ಹೇಳಿಕೊಟ್ರ ನಾ ಕಾಲೇಜ್ ಬಿಡಂಗಿಲ್ರಿ.”

“ಯಾರಂತ ಹುಡುಕಿ ಕೊಡ್ರಿ,” ಎಂದರು ಬಾಳಪ್ಪ.

ಗಣಿತದ ಅನುರಾಧಾ ಮೇಡಂ ನೋಟ್‌ಬುಕ್ ತಿರುವಿದರು. “ಶುಕ್ರವಾರ ಕಡೀಕ ಕ್ಲಾಸಿನ್ಯಾಗ ಯಾರಿದ್ರು?”

“ಅನಿಕೇತ, ಸಮೃದ್ಧಿ. ಇಬ್ಬರೇ ರೀ,” ಎಂದೆ. “ಅನಿಕೇತಂದ ಕೆಲಸ ಇದು. ಸಪ್ನಾ ಬಾಯಿ ತಗದ್ರ ನಗಾಂವ ಅಂವ, ನಗಾಡಾಕಂತ ಒಯ್ದಿರಬೇಕು.”

“ಸಮೃದ್ಧಿ?”

“ಆಕಿ ಕನ್ನಡ ಬರೀತಾಳೇನ್ರಿ? ಅಪ್ಪ ದೊಡ್ಡ ಕಾಂಟ್ರ್ಯಾಕ್ಟರ್ ಅಂತ ಹೇಳಿಕೋತ ಅಡ್ಡಾಡ್ತಾಳ.”

ಮೇಡಂ ಇಬ್ಬರನ್ನೂ ಕರೆಸಿದರು.

“ಅನಿಕೇತ, ಗೋಡಿ ಮೂಲಿ ಸರಿ ತೊಂಬತ್ತು ಡಿಗ್ರಿ ಐತೋ ಇಲ್ಲೋ ಅಂತ ಏನಿಟ್ಟು ನೋಡ್ತಾರ?”

“ಪ್ರೊಟ್ರ್ಯಾಕ್ಟರ್ ಇರಬೇಕ್ರಿ.”

“ನೀ ಹೇಳು, ಸಮೃದ್ಧಿ.”

“ಗುಣ್ಯಾ ಹಚ್ಚಿ—” ಅಷ್ಟಕ್ಕೇ ತಡೆದಳು. ಮುಖ ಕೆಂಪಾಯಿತು.

ಮೇಡಂ ನನ್ನ ಮುಂದೆ ಒಂದು ಪುಟ ಹಿಡಿದರು. “ಪರ್ಪೆಂಡಿಕ್ಯುಲರ್ ಅನ್ನೋದಕ್ಕ ಪುಸ್ತಕದಾಗ ‘ಲಂಬ’ ಅಂತಾರ, ಸರ್. ಇಲ್ಲಿ ‘ಗುಣ್ಯಾ ಹಚ್ಚಿದಂಗ’ ಅಂತ ಬರದೈತಿ. ಗುಣ್ಯಾ ಅಂದ್ರ ಗೌಂಡಿಗಳು ಮೂಲಿ ನೋಡೋ ಮಟ್ಟ. ಗೋಡಿ ಕಟ್ಟೋರ ಮನ್ಯಾಗ ಆಡೋ ಮಾತದು. ನೀವು ಮಂದಿ ನೋಡಿದ್ರಿ, ಶಬ್ದ ನೋಡಲಿಲ್ಲ. ಒಯ್ದಾಕಿ ಸಮೃದ್ಧಿ.”

“ಹೌದ್ರಿ,” ಎಂದಳು ಅವಳು, ತಲೆ ಎತ್ತದೆ. “ಮೊದಲ ನನಗೂ ಏನೂ ತಿಳೀತಿರಲಿಲ್ರಿ. ಅಪ್ಪನೇ ಹಿಂಗ ಹೇಳಿ ತಿಳಿಸಿದಾಂವ. ಬರದು ಕೈಯಾಗ ಕೊಟ್ರ ಅಪ್ಪ ಗೌಂಡಿ ಅಂತ ಎಲ್ಲಾರಿಗೂ ಗೊತ್ತಾಗ್ತೈತಂತ ಕದ್ದೆ.”

ಬಾಳಪ್ಪ ಎದ್ದು ಆ ಹುಡುಗಿಗೆ ಕೈಮುಗಿದರು. “ಯವ್ವಾ, ನನ್ನ ಮಗಳ ಸಾಲಿ ಉಳಿಸಿದಿ. ನಿಮ್ಮಪ್ಪಾರಿಗೆ ನನ್ನ ಶರಣು ಮುಟ್ಟಸು.”

ಇಪ್ಪತ್ತು ವರ್ಷ ಬೋರ್ಡಿನ ಮೇಲೆ ಒಂದು ಕನ್ನಡ ಪದ ಬರೆಯದ ನನಗೆ ನನ್ನ ಮೇಲೇ ಸಿಟ್ಟು ಬಂತು. ಆ ಗೌಂಡಿಗೆ ನನ್ನದೂ ಒಂದು ನಮಸ್ಕಾರ ಸಲ್ಲಬೇಕಿತ್ತು.

ಸಮೃದ್ಧಿ ಕಣ್ಣೊರೆಸಿಕೊಂಡಳು. ಅನಿಕೇತ ಇನ್ನೂ ಅಲ್ಲೇ ನಿಂತಿದ್ದ. ಅವನಿಗೂ ಕೇಳುವಂತೆ ಹೇಳಿದಳು:

“ಆ ಶರಣು ನೀವೇ ಹೇಳ್ರಿ ಕಾಕಾ. ಅಪ್ಪ ಇಲ್ಲೇ ಕಾಕತಿ ಊರಾಗ ಗೋಡಿ ಕಟ್ಟಾಕತ್ತಾನ. ಸಂಜಿಕ ಸಪ್ನಾನ್ನ ಕರಕೊಂಡು ಎಲ್ಲಾರೂ ಹೋಗೂಣು.”