ಬಿಲ್ಲಿಗೆ ಹಾಕದ ಕಾಯಿಲೆ

"ಹೆಸರು ಹೇಳಮ್ಮ..."

ಚೀಟಿ ಬರೆಯುವ ನರ್ಸ್ ಶಿವಗಂಗಮ್ಮ ತಲೆ ಎತ್ತದೆ ಕೇಳಿದಳು.

"ಕೊಲ್ಲಾಪುರಮ್ಮ" ಎಂದಳು ಅಂಜಮ್ಮ.

ಹಿಂದಿನ ಬೆಂಚಿನಲ್ಲಿ ಯಾರೋ ತಟ್ಟನೆ ಕೆಮ್ಮಿದರು. ಅಂಜಮ್ಮ ತಿರುಗಿ ನೋಡಿದಳು.

ತಿಪ್ಪೇಶಪ್ಪ!

ಹೊನ್ನಾಳಿಯಲ್ಲಿ ಅವಳು ಟೀಚರಾಗಿರುವ ಶಾಲೆಯ ಆಡಳಿತ ಕಚೇರಿಯಿದೆ. ಅಲ್ಲಿನ ಗುಮಾಸ್ತ ಅವನು. ಮೇಷ್ಟ್ರು, ಟೀಚರುಗಳ ಆಸ್ಪತ್ರೆ ಬಿಲ್ಲುಗಳೆಲ್ಲ ಅವನ ಮೇಜಿನ ಮೇಲೇ ಹಾದುಹೋಗುತ್ತವೆ. ಅವಳ ನಿಜವಾದ ಹೆಸರು, ಊರು, ನೌಕರಿಗೆ ಸೇರಿದ ದಿನ... ಎಲ್ಲವೂ ಅವನಿಗೆ ಗೊತ್ತು.

ಅವನು ಒಂದು ಕ್ಷಣ ಅವಳನ್ನೇ ನೋಡಿದ. ಆಮೇಲೆ ಏನೂ ಕೇಳಿಸದವನಂತೆ ಕಿಟಕಿಯ ಕಡೆ ಮುಖ ತಿರುಗಿಸಿದ.

'ಮುಗೀತು... ನನ್ನ ಕಥೆ ಮುಗೀತು!'

ಅದು ೧೯೮೪ರ ಒಂದು ಶನಿವಾರ; ಅಂಜಮ್ಮ ಅಲ್ಲಿಗೆ ಬಂದದ್ದು ಅದೇ ಮೊದಲು. ಚನ್ನಗಿರಿಯ ಆ ಸಣ್ಣ ನರ್ಸಿಂಗ್ ಹೋಮಿನ ಹಿಂದಿನ ಕೋಣೆಗೆ ಪ್ರತಿ ಶನಿವಾರ ಮಧ್ಯಾಹ್ನ ಶಿವಮೊಗ್ಗದಿಂದ ಡಾಕ್ಟರ್ ನಿರ್ಮಲಮ್ಮ ಬರುತ್ತಿದ್ದರು. ಅವರು ಮನಸ್ಸಿನ ಕಾಯಿಲೆಯ ಡಾಕ್ಟರು. ಮಾತ್ರೆಗಿಂತ ಮಾತೇ ಹೆಚ್ಚು.

ಅಂಜಮ್ಮನಿಗೆ ಆಗಿದ್ದೇನು? ಆರು ತಿಂಗಳ ಹಿಂದೆ ಅವಳು ಕೂತಿದ್ದ ಬಸ್ಸು ಕೆರೆಬಿಳಚಿಯ ಹತ್ತಿರ ನಾಲೆಗೆ ಉರುಳಿತ್ತು. ಪಕ್ಕದ ಸೀಟಿನಲ್ಲಿದ್ದ ಮೂಕಮ್ಮ ಎಂಬ ಮುದುಕಿ ಅವಳ ಕೈ ಗಟ್ಟಿಯಾಗಿ ಹಿಡಿದಿದ್ದಳು. ನೀರೊಳಗೆ ಆ ಹಿಡಿತ ಸಡಿಲವಾಯಿತು... ಅಂಜಮ್ಮ ಬದುಕಿದಳು. ಮುದುಕಿ ಬದುಕಲಿಲ್ಲ.

ಮುರಿದ ಕೈ ಎರಡು ತಿಂಗಳಲ್ಲಿ ಕೂಡಿತು. ಆದರೆ ಬಾಗಿಲು ಮುಚ್ಚಿದರೆ ಸಾಕು, ಗಂಟಲು ಕಟ್ಟುತ್ತಿತ್ತು. ನ್ಯಾಮತಿಯ ಶಾಲೆಯಲ್ಲಿ ಪಾಠ ಮಾಡುವಾಗ ಗಾಳಿಗೆ ಕದ ಬಡಿದರೆ ಎದೆ ಡವಡವ ಎನ್ನುತ್ತಿತ್ತು. ಒಂದು ದಿನ ಸೀಮೆಸುಣ್ಣ ಕೈಯಲ್ಲೇ ಹಿಡಿದು ಅಂಗಳಕ್ಕೆ ಓಡಿಬಂದುಬಿಟ್ಟಿದ್ದಳು!

ಶಾಲೆಯ ಸಂಘದಲ್ಲಿ ಆರೋಗ್ಯ ನಿಧಿ ಇತ್ತು. ಎಲ್ಲರ ಸಂಬಳದಲ್ಲೂ ಅದಕ್ಕೆಂದು ಹಿಡಿಯುತ್ತಿದ್ದರು. ಬಿಲ್ಲು ಕೊಟ್ಟರೆ ಆಸ್ಪತ್ರೆಯ ಖರ್ಚು ವಾಪಸ್ ಬರುತ್ತಿತ್ತು. ಆದರೆ ಬಿಲ್ಲಿನ ಮೇಲೆ ಕಾಯಿಲೆಯ ಹೆಸರು ಬರೆಯಬೇಕಲ್ಲ? ಅವಳ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. 'ತಲೆ ಕೆಟ್ಟ ಟೀಚರು' ಅಂದುಬಿಟ್ಟರೆ? ಜಗಳೂರಿನಲ್ಲಿ ಕೂಲಿ ಮಾಡಿ ಓದಿಸಿದ ಅಪ್ಪನಿಗೆ ಯಾವ ಮುಖ ತೋರಿಸುವುದು? ಅವರ ಕೇರಿಯಿಂದ ಸಂಬಳದ ಕೆಲಸಕ್ಕೆ ಹೋದ ಮೊದಲ ಹೆಣ್ಣುಮಗಳು ಅವಳು.

ಅದಕ್ಕೇ ಕಳ್ಳ ಹೆಸರು. ಅದಕ್ಕೇ ತನ್ನ ಕೈಯಿಂದಲೇ ಫೀಸು.

ಆವತ್ತು ಡಾಕ್ಟರ ಮುಂದೆ ಕೂತರೂ ಅವಳ ಕಣ್ಣು ಮುಚ್ಚಿದ ಬಾಗಿಲ ಕಡೆಯೇ ಇತ್ತು.

"ಬಾಗಿಲು ತೆಗೆದೇ ಇಡ್ಲಾ?" ಎಂದರು ನಿರ್ಮಲಮ್ಮ.

"ಬ್ಯಾಡ ಮೇಡಂ... ಹೊರಗೆ ನಮ್ಮ ಆಫೀಸಿನೋರು ಅದಾರೆ..."

"ನೀವು ಬಂದಿದ್ದು ಈ ಕೋಣೆಯಿಂದ ಆಚೆ ಹೋಗಲ್ಲ."

'ಬಾಯಿ ಇರೋದು ನಿಮಗೊಬ್ಬರಿಗೇ ಅಲ್ಲವಲ್ಲ ಮೇಡಂ...' ಎಂದುಕೊಂಡು ಅವಳು ಸುಮ್ಮನೆ ಅತ್ತಳು.

ಆ ವಾರವೆಲ್ಲ ಅನ್ನ ಸೇರಲಿಲ್ಲ. ಪೋಸ್ಟ್‌ಮ್ಯಾನ್ ಕಂಡರೆ ಭಯ. ಹೆಡ್‌ಮಾಸ್ಟರ್ ಕರೆದರೆ ಭಯ. ಇಬ್ಬರು ಟೀಚರು ಪಿಸುಗುಟ್ಟಿದರೆ, ತನ್ನ ವಿಷಯವೇ ಇರಬೇಕು!

ಬುಧವಾರ ಶಾಲೆ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ಒಂದು ಸೈಕಲ್ ನಿಂತಿತ್ತು. ಪಕ್ಕದಲ್ಲಿ ತಿಪ್ಪೇಶಪ್ಪ. ಕೈಯಲ್ಲಿ ಕಂದು ಬಣ್ಣದ ಲಕೋಟೆ.

"ಟೀಚರ್... ನಿಮ್ಹತ್ರ ಒಂಚೂರು ಮಾತಾಡ್ಬೇಕಿತ್ತು."

"ಏನ್ ಬೇಕು ನಿಮ್ಗೆ?" ಅವಳ ದನಿ ಅವಳಿಗೇ ಕೇಳಿಸದಷ್ಟು ಸಣ್ಣದಾಗಿತ್ತು.

"ಇದು ನಿಮ್ದು. ನಿಮ್ಮ ಕೈಯಾಗೆ ಕೊಡಾಕೆ ಬಂದೆ."

"ನನ್ನ ಹೆದರಿಸಾಕೆ ಬಂದ್ರಾ? ಇಲ್ಲಾ ನಿಮ್ಮ ಬಾಯಿ ಮುಚ್ಚಿಸಾಕೆ ನಾನೇನಾದ್ರೂ ಕೊಡ್ಬೇಕಾ? ಹೇಳ್ರೀ! ಒಬ್ಬಂಟಿ ಹೆಂಗಸು, ಹೆದರ್ಕೊಂಡು ಕೊಟ್ಟೇ ಕೊಡ್ತಾಳೆ ಅಂದ್ಕೊಂಡ್ರಾ?"

ಅವನ ಮುಖ ಕಪ್ಪಿಟ್ಟಿತು. ಲಕೋಟೆಯನ್ನು ಕಾಂಪೌಂಡಿನ ಮೇಲಿಟ್ಟು, ಸೈಕಲ್ ಹತ್ತಿ ಹೊರಟುಹೋದ. ಹ್ಯಾಂಡಲ್ ಹಿಡಿದ ಅವನ ಕೈ ನಡುಗುತ್ತಿದ್ದುದನ್ನು ಅವಳು ಕಂಡಳು. ಯಾಕೆಂದು ತಿಳಿಯಲಿಲ್ಲ.

ಲಕೋಟೆ ಒಡೆಯಲು ಅವಳಿಗೆ ಮರುದಿನ ಮಧ್ಯಾಹ್ನದವರೆಗೆ ಧೈರ್ಯ ಬರಲಿಲ್ಲ.

ಒಳಗಿದ್ದದ್ದು ಅವಳದೇ ಬಿಲ್ಲು! ಮುರಿದ ಕೈಗೆಂದು ಅವಳು ಇತ್ತೀಚೆಗಷ್ಟೇ ಅಂಚೆಯಲ್ಲಿ ಕಳಿಸಿದ್ದು. ಕೊನೆಯ ಹಾಳೆಯ ಮೂಲೆಯಲ್ಲಿ ಆಸ್ಪತ್ರೆಯ ಡಾಕ್ಟರು ಏನೋ ಗೀಚಿದ್ದರು. ಕಳಿಸುವಾಗ ಅವಳು ಗಮನಿಸಿಯೇ ಇರಲಿಲ್ಲ. ಈಗ ಕಣ್ಣು ಕಿರಿದಾಗಿಸಿ ಓದಿದಳು: 'ವಿಪರೀತ ಭಯ. ಮನೋವೈದ್ಯರಿಗೆ ತೋರಿಸತಕ್ಕದ್ದು.'

ಜೊತೆಗೊಂದು ಚೀಟಿ.

'ಇದಿನ್ನೂ ರಿಜಿಸ್ಟರಿಗೆ ಹತ್ತಿಲ್ಲ. ಯಾರೂ ನೋಡಿಲ್ಲ. ಕೊಡೋದು ಬಿಡೋದು ನಿಮಗೆ ಸೇರಿದ್ದು. ಕೊಟ್ಟರೆ ಸೂಪರಿಂಟೆಂಡೆಂಟರು ಜೋರಾಗಿ ಓದ್ತಾರೆ. ಅದಕ್ಕೇ ಮೊದಲೇ ತಿಳಿಸಿದೆ.'

ಅಂಜಮ್ಮ ಖಾಲಿ ತರಗತಿಯ ಬೆಂಚಿನ ಮೇಲೆ ಕುಸಿದಳು.

'ಅಯ್ಯೋ... ಕಾಪಾಡಾಕೆ ಬಂದೋರಿಗೆ ನಾನು ಏನಂದೆ!'

ಶನಿವಾರ ಚನ್ನಗಿರಿಯ ಬೆಂಚು ಖಾಲಿಯಿತ್ತು. ಮುಂದಿನ ಶನಿವಾರವೂ ಖಾಲಿ.

"ಆವತ್ತು ಆ ಬೆಂಚಿನಾಗೆ ಕೂತಿದ್ರಲ್ಲ, ಅವರು ಬಂದಿಲ್ವಾ?" ಎಂದು ಶಿವಗಂಗಮ್ಮನನ್ನು ಕೇಳಿಯೇಬಿಟ್ಟಳು.

"ಇನ್ನು ಬರಾಕಿಲ್ಲ ಅಂದು ಹೋದ್ರವ್ವ. ತಾನಿಲ್ಲಿ ಕೂತ್ರೆ ಬೇರೆ ಯಾರಿಗೋ ಹೆದ್ರಿಕೆ ಆಗ್ತೈತಂತೆ. ಒಂದು ವಾರಾನೂ ತಪ್ಪಿಸ್ದೋರಲ್ಲ..."

ಅಂದರೆ ಅವನೂ ರೋಗಿ! ಯಾರನ್ನೋ ಕರೆದುಕೊಂಡು ಬಂದವನಲ್ಲ. ತನಗಾಗಿಯೇ ಬಂದವನು. ಬಿಲ್ಲು ಬರೆಯುವ ಗುಮಾಸ್ತನೇ ಬಿಲ್ಲು ಹಾಕದೆ, ತನ್ನ ಹಾಗೆಯೇ ಗುಟ್ಟಾಗಿ...

ಮತ್ತೊಂದು ಶನಿವಾರ, ಬೆಳಗಿನ ಶಾಲೆ ಮುಗಿಸಿ ಅಂಜಮ್ಮ ಹೊನ್ನಾಳಿಯಲ್ಲಿ ಇಳಿದಳು. ಕಚೇರಿಗೆ ಹಿಂದೆಂದೂ ಒಬ್ಬಳೇ ಹೋಗಿರಲಿಲ್ಲ. ಸ್ಪ್ರಿಂಗ್ ಬಾಗಿಲು ಹಿಂದಿನಿಂದ ಪಟ್ಟನೆ ಮುಚ್ಚಿಕೊಂಡಿತು. ಕಿವಿಯಲ್ಲಿ ನೀರು ತುಂಬಿದಂತಾಯಿತು.

"ಓಹೋ, ನಾಲೆಗೆ ಬಿದ್ದ ಬಸ್ಸಿನ ಟೀಚರಮ್ಮ!" ಸೂಪರಿಂಟೆಂಡೆಂಟ್ ನಾಗರಾಜಪ್ಪನ ದನಿ ಇಡೀ ಕೋಣೆಗೆ ಕೇಳಿತು. "ನಿಮ್ಮ ಕೈ ಬಿಲ್ಲು ಇನ್ನೂ ಯಾಕಮ್ಮ ಬಂದಿಲ್ಲ? ಏನಾದ್ರೂ ಮುಚ್ಚಿಡೋದು ಐತಾ?"

ಎಲ್ಲ ಪೆನ್ನುಗಳೂ ನಿಂತವು. ಮೂಲೆಯ ಮೇಜಿನಲ್ಲಿ ತಿಪ್ಪೇಶಪ್ಪ ಎದ್ದು ನಿಂತ. ಮುಖದಲ್ಲಿ ರಕ್ತವಿರಲಿಲ್ಲ.

ಅಂಜಮ್ಮನಿಗೆ ಉಸಿರು ಸಿಕ್ಕಲಿಲ್ಲ. ಸೀರೆಯ ಸೆರಗು ಬಿಗಿಯಾಗಿ ಹಿಡಿದಳು. ಓಡಿಹೋಗಬೇಕು... ಈಗಲೇ ಓಡಿಹೋಗಬೇಕು...

ಓಡಲಿಲ್ಲ.

"ನಾನು ಹಾಕಲ್ಲ ಸರ್. ಖರ್ಚು ನಾನೇ ಕೊಟ್ಟೀನಿ. ಹಾಕ್ಲೇಬೇಕು ಅಂತ ರೂಲ್ಸ್ ಐತಾ?"

ನಾಗರಾಜಪ್ಪ ಅವಳನ್ನೇ ದಿಟ್ಟಿಸಿದ. "ರೂಲ್ಸ್ ಏನಿಲ್ಲ..." ಎಂದು ಗೊಣಗಿ ಫೈಲಿಗೆ ತಲೆ ಬಗ್ಗಿಸಿದ.

ಹೊರಗೆ ಬಂದವಳು ವರಾಂಡದ ಕಂಬ ಹಿಡಿದು ನಿಂತಳು. ಮೈಯೆಲ್ಲ ಬೆವರು. ಹಿಂದೆಯೇ ಅವನ ಹೆಜ್ಜೆ ಸಪ್ಪಳ.

"ಟೀಚರ್, ಇಲ್ಲಿ ಕೂತ್ಕಳ್ರಿ... ನೀರು ತರ್ಲಾ?"

"ಬ್ಯಾಡ. ತಪ್ಪಾತು ಅಂತ ಹೇಳಾಕೆ ಬಂದೆ. ಆವತ್ತು ನಾನು ಅನ್ನಬಾರದ್ದು ಅಂದೆ."

"ಹೆದರಿದೋರು ಅನ್ನೋ ಮಾತೇ ಅದು. ನನಗೆ ಗೊತ್ತಾಗ್ತೈತೆ."

"ನೀವು ಯಾಕೆ ಹೋಗ್ತಿದ್ರಿ, ಡಾಕ್ಟರ ಹತ್ರ?"

ಅವನು ಕಚೇರಿಯ ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ.

"ಚಿಕ್ಕಹನುಮಂತಪ್ಪ ಅಂತ ಒಬ್ರು ಮೇಷ್ಟ್ರಿದ್ರು. ಹೋದ ವರ್ಷ ಇಂಥದ್ದೇ ಬಿಲ್ಲು ಕೊಟ್ರು. ನಾನೇ ಸೀಲು ಒತ್ತಿ ಸಾಹೇಬರ ಮುಂದೆ ಇಟ್ಟೆ. ಅವರು ಜೋರಾಗಿ ಓದಿದ್ರು. ಎಲ್ರೂ ನಕ್ರು... ನಾನೂ ನಕ್ಕೆ ಟೀಚರ್! ತಿಂಗಳೊಳಗೆ ಮೇಷ್ಟ್ರು ಕೆಲಸ ಬಿಟ್ಟು ಊರೇ ಬಿಟ್ರು. ಆವತ್ತಿಂದ ಸೀಲು ಹಿಡಿದ್ರೆ ನನ್ನ ಕೈ ನಡುಗ್ತೈತೆ."

ಅವನ ಕಣ್ಣು ತುಂಬಿತ್ತು. ಆರು ತಿಂಗಳಲ್ಲಿ ಮೊದಲ ಬಾರಿ ಅಂಜಮ್ಮ ತನ್ನ ಭಯ ಮರೆತು ಇನ್ನೊಬ್ಬರ ಭಯವನ್ನು ನೋಡಿದಳು.

"ಚನ್ನಗಿರಿ ಬಸ್ಸು ಎಷ್ಟೊತ್ತಿಗೆ ಐತೆ?"

"ಇನ್ನು ಹತ್ತು ನಿಮಿಷಕ್ಕೆ... ಯಾಕೆ?"

"ನಡೀರಿ. ನನಗೋಸ್ಕರ ನೀವು ಔಷಧ ಬಿಡೋದು ಬ್ಯಾಡ. ನಿಮ್ಮನ್ನ ಕಂಡ್ರೆ ನನಗೀಗ ಹೆದ್ರಿಕೆ ಇಲ್ಲ."

ಬಸ್ಸು ತುಂಬಿತ್ತು. ಇಬ್ಬರಿಗೂ ಒಂದೇ ಸೀಟು ಸಿಕ್ಕಿತು. ದಾರಿಯಲ್ಲಿ ನಾಲೆಯ ಏರಿ ಕಾಣಿಸಿದ್ದೇ ತಡ, ಅವಳು ಕಣ್ಣು ಮುಚ್ಚಿದಳು. ಅವನು ಮುಟ್ಟಲಿಲ್ಲ. ಮಧ್ಯದಲ್ಲಿ ಅಂಗೈ ತೆರೆದಿಟ್ಟ, ಅಷ್ಟೇ. ನೀರು ಹಿಂದೆ ಸರಿಯುವ ಮೊದಲೇ ಅವಳು ಅದನ್ನು ಹಿಡಿದುಕೊಂಡಿದ್ದಳು.

"ಅಂಜಮ್ಮ..." ಮೊದಲ ಸಲ ಹೆಸರು ಹಿಡಿದು ಕರೆದ. "ಒಂದು ಮಾತು ಕೇಳ್ಲಾ? ಸಿಟ್ಟಾಗ್ಬಾರ್ದು."

"ಕೇಳ್ರಿ."

"ನಮ್ಮವ್ವನ್ನ ಜಗಳೂರಿಗೆ ಕಳಿಸ್ಲಾ... ನಿಮ್ಮ ಮನೆಗೆ? ನೌಕರಿಗೆ ಸೇರಾಕೆ ನೀವು ಕಚೇರಿಗೆ ಬಂದ ದಿನದಿಂದ ನನ್ನ ಮನಸ್ನಾಗೆ ಐತೆ. ಹೇಳಾಕೆ ಧೈರ್ಯ ಇರ್ಲಿಲ್ಲ."

ಅವಳು ಕಿಟಕಿಯ ಕಡೆ ತಿರುಗಿದಳು. ಕೆನ್ನೆ ಬಿಸಿಯಾಗಿತ್ತು. ಕೈ ಮಾತ್ರ ಬಿಡಿಸಿಕೊಳ್ಳಲಿಲ್ಲ.

"ಈ ತಿಂಗಳು ಬ್ಯಾಡ."

"ಯಾಕೆ...?"

"ಮೊದ್ಲು ನಾನು ಹೋಗಿ ಅಪ್ಪಗೆ ಎಲ್ಲಾ ಹೇಳ್ತೀನಿ. ನಾಲೆದು, ಡಾಕ್ಟರದು... ಮುಚ್ಚಿಟ್ಟು ಮದುವೆ ಆಗಲ್ಲ. ಆಮೇಲೆ ಅವ್ವನ್ನ ಕಳಿಸ್ರಿ."

"ಹೇಳಾಕೆ ಹೆದ್ರಿಕೆ ಆಗಲ್ವಾ?"

"ಆಗ್ತೈತೆ... ತುಂಬಾ ಆಗ್ತೈತೆ."

"ನಾನೂ ಜೊತೆಗೆ ಬರ್ಲಾ?"

ಅಂಜಮ್ಮ ಅವನ ಕಡೆ ತಿರುಗಿ, ಕಣ್ಣೀರಿನೊಳಗೇ ನಕ್ಕಳು.

"ಊರ ಬಸ್‌ಸ್ಟ್ಯಾಂಡಿನ ತನಕ ಬರ್ರಿ. ಮನೆತನಕ ನಾನೊಬ್ಬಳೇ ನಡೀತೀನಿ."