ಎಲ್ಲರ ಹಿಂದೆಯೂ ಅದೇ ನೀಲಿ ಪರದೆ

ಬಾಗಿಲ ಸಂದಿಯಲ್ಲಿ ನನ್ನ ಕಾಲು ಸಿಕ್ಕಿಕೊಂಡಿತ್ತು. ಒಳಗಿನಿಂದ ಒಬ್ಬ ಧಡಿಯ ತನ್ನ ಪೂರ್ತಿ ಭಾರ ಹಾಕಿ ಬಾಗಿಲು ಒತ್ತುತ್ತಿದ್ದ.

"ಕಾಲು ತೆಗಿ."

"ನೀನು ಬಾಗಿಲು ತೆಗಿ. ಕಾಲು ತಾನಾಗೇ ಬರುತ್ತೆ."

ಇನ್ನಷ್ಟು ಒತ್ತಿದ. ಬೂಟು ಗಟ್ಟಿಯಿತ್ತು... ಒಳಗಿದ್ದ ಹೆಬ್ಬೆರಳು ಅಷ್ಟು ಗಟ್ಟಿಯಿರಲಿಲ್ಲ.

ಒಳಗೆಲ್ಲೋ ಒಬ್ಬ ಹುಡುಗಿ ಕೋಣೆಯ ಬಾಗಿಲು ಬಡಿಯುತ್ತಿದ್ದಳು. ಹನ್ನೆರಡಕ್ಕೆ ಅವಳ ಕೊನೆಯ ಪರೀಕ್ಷೆ. ತಪ್ಪಿದರೆ ಯೂನಿವರ್ಸಿಟಿಯಿಂದ ಹೆಸರು ಹೋಗುತ್ತದೆ, ಹೆಸರಿನ ಹಿಂದೆಯೇ ವೀಸಾ ಹೋಗುತ್ತದೆ. ಆಗಲೇ ಹನ್ನೊಂದರ ಹತ್ತಿರವಿತ್ತು.

ನಾನು ಯಾರು ಅಂತೀರಾ? ಈ ಮಹಾನಗರಕ್ಕೆ ಓದಲು ಬಂದ ನಮ್ಮ ಮಕ್ಕಳು ಕಳೆದುಹೋದರೆ ಹುಡುಕಿಕೊಡುವವಳು. ಬೋರ್ಡಿಲ್ಲ, ಆಫೀಸಿಲ್ಲ. ಮಕ್ಕಳು ನನ್ನನ್ನು 'ಹುಡುಕೋ ಅಕ್ಕ' ಅನ್ನುತ್ತಾರೆ. ನಿಜ ಹೇಳಬೇಕೆಂದರೆ ಹೆಚ್ಚಿನವರು ಕಳೆದುಹೋಗಿರುವುದಿಲ್ಲ. ಫೋನ್ ಚಾರ್ಜ್ ಮಾಡಿರುವುದಿಲ್ಲ, ಅಷ್ಟೇ.

ಇವಳು ಹಾಗಲ್ಲ.

ಹಿಂದಿನ ದಿನ ಅವಳ ಅಪ್ಪ ಫೋನ್ ಮಾಡಿದ್ದರು. ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು.

"ಒಂದು ವಾರದಿಂದ ವಿಡಿಯೋ ಕಾಲ್ ಇಲ್ಲಮ್ಮ. 'ಚೆನ್ನಾಗಿದೀನಿ' ಅಂತ ಮೆಸೇಜ್ ಮಾತ್ರ ಬರುತ್ತೆ. ಅವಳಮ್ಮ ಊಟ ಬಿಟ್ಟು ಕೂತಿದಾಳೆ."

"ಎಲ್ಲಿರೋದು ಅವಳು?"

"ಅಡ್ರೆಸ್ ಕೇಳಿದ್ರೆ ಮಾತು ಹಾರಿಸ್ತಾಳೆ. ರೂಮಿನ ಫೋಟೋ ಇದೆ, ಕಳಿಸ್ಲಾ?"

ಕಳಿಸಿದರು. ಮಗಳು ನಗುತ್ತಾ ಕೂತಿದ್ದಳು. ಪಕ್ಕದಲ್ಲಿ ಪುಸ್ತಕದ ಕಪಾಟು, ಒಂದು ಪುಟ್ಟ ಹಸಿರು ಗಿಡ. ಹಿಂದೆ ಹೂವಿನ ನೀಲಿ ಪರದೆ, ಅದರಾಚೆಯಿಂದ ಹಿತವಾದ ಬೆಳಕು.

ನೋಡಿದವಳಿಗೆ ಮೈಯೆಲ್ಲ ಉರಿಯಿತು.

ಆ ಪರದೆಯನ್ನು ನಾನು ಮೊದಲೇ ನೋಡಿದ್ದೆ. ಇನ್ನೊಬ್ಬಳ ಅಮ್ಮ ಕಳಿಸಿದ್ದ ಫೋಟೋದಲ್ಲಿ. ಅದಕ್ಕೂ ಮುಂಚೆ ಒಬ್ಬ ಹುಡುಗನ ಅಣ್ಣ ಕಳಿಸಿದ್ದರಲ್ಲಿ. ಯಾವುದೋ ಹಾಸ್ಟೆಲ್ ಇರಬೇಕು ಅಂದುಕೊಂಡು ಸುಮ್ಮನಿದ್ದೆ. ಹಾಸ್ಟೆಲ್‌ನಲ್ಲಿ ಪರದೆಗಳೆಲ್ಲ ಒಂದೇ ಥರ ಇರುತ್ತವೆ, ಸರಿ. ಅಂಚಿನಲ್ಲಿ ಇಸ್ತ್ರಿ ಸುಟ್ಟ ಕಲೆಯೂ ಒಂದೇ ಥರ ಇರುತ್ತದಾ?

ಯೂನಿವರ್ಸಿಟಿಗೆ ಫೋನ್ ಮಾಡಿದೆ. ಕಡ್ಡಿ ಮುರಿದ ಹಾಗೆ ಮಾತಾಡಿದರು. ವಿದ್ಯಾರ್ಥಿಯ ವಿಳಾಸ ಗುಟ್ಟಂತೆ, ಅವಳೇ ಬಂದು ಕೇಳಿದರೆ ಕೊಡುತ್ತಾರಂತೆ! ಅವಳೇ ಬರುವ ಹಾಗಿದ್ದರೆ ನಾನ್ಯಾಕೆ ಫೋನ್ ಮಾಡಲಿ?

ಬೆಳಿಗ್ಗೆ ಆ ಹಳೆಯ ಫೋಟೋದ ಹುಡುಗನನ್ನು ಬಸ್ ಸ್ಟಾಪಿನಲ್ಲಿ ಹಿಡಿದೆ. ಮೊದಲು 'ಗೊತ್ತಿಲ್ಲ ಅಕ್ಕ' ಅಂದ. ಕಾಲರ್ ಹಿಡಿದ ಮೇಲೆ ಗೊತ್ತಾಯಿತು.

"ಅದು ಕಾಲ್ ರೂಮ್ ಅಕ್ಕ."

"ಹಾಗಂದ್ರೆ?"

"ಪರದೆ ಮಾಮನ ಮನೆ. ಅಪ್ಪ ಅಮ್ಮಂದಿರಿಗೆ ಆ ರೂಮ್ ತೋರಿಸ್ತಾನೆ. ಬಾಡಿಗೆ ಅದಕ್ಕೇ ತಗೋತಾನೆ. ನಾವೆಲ್ಲ ಮಲಗೋದು ಕೆಳಗೆ, ಬೇಸ್‌ಮೆಂಟಲ್ಲಿ. ಮನೆಗೆ ಕಾಲ್ ಮಾಡೋ ಟೈಮಿಗೆ ಒಬ್ಬೊಬ್ಬರಾಗಿ ಮೇಲೆ ಹೋಗಿ ಪರದೆ ಮುಂದೆ ಕೂತ್ಕೋತೀವಿ."

"ನಿಮಗೆ ಬಾಯಿಲ್ವಾ? ಮನೇಲಿ ಹೇಳೋಕೇನು ಧಾಡಿ?"

"ಹೇಗೆ ಹೇಳೋದಕ್ಕ? ನಮ್ಮಮ್ಮ ಆ ರೂಮನ್ನ ಬೀದಿಯವರಿಗೆಲ್ಲ ತೋರಿಸಿದಾಳೆ."

ಮನೆಯ ಅಡ್ರೆಸ್ಸೂ ಉಳಿದ ಕಥೆಯೂ ಅವನಿಂದಲೇ ಸಿಕ್ಕಿತು. ಮೇಷ್ಟ್ರ ಮಗಳು ಮಾತ್ರ ಬಾಯಿ ಬಿಟ್ಟಿದ್ದಳು. ಹೊಸದಾಗಿ ಬರುವವರಿಗೆ 'ಆ ಮನೆಗೆ ಬರಬೇಡಿ' ಅಂತ ಮೆಸೇಜ್ ಹಾಕಿದ್ದಳು. ಮಾಮ ಒಂದು ವಾರ ಪರದೆ ಮುಂದೆ ಕೂರಲು ಬಿಡಲಿಲ್ಲ. ಬೇಸ್‌ಮೆಂಟಿನಿಂದ ಅಮ್ಮನಿಗೆ ಮುಖ ತೋರಿಸಲು ಅವಳಿಗೆ ಮನಸ್ಸಾಗಲಿಲ್ಲ. ಆ ದಿನ ಬೆಳಿಗ್ಗೆ ಅವಳ ಐಡಿ ಕಾರ್ಡ್ ಕಿತ್ತುಕೊಂಡು ಕೂಡಿಹಾಕಿದ್ದ. ಪರೀಕ್ಷೆ ತಪ್ಪಲಿ, ಉಳಿದವರಿಗೆ ಬುದ್ಧಿ ಬರಲಿ ಅಂತ.

ಪೊಲೀಸರಿಗೆ ಫೋನ್ ಮಾಡಿದೆ. ಗಾಡಿ ಖಾಲಿಯಿಲ್ಲ, ಕಾಯಿರಿ ಅಂದರು.

ನನಗೆ ಕಾಯುವುದು ಗೊತ್ತಿಲ್ಲ. ಅದಕ್ಕೇ ಕಾಲು ಬಾಗಿಲಲ್ಲಿ ಸಿಕ್ಕಿಕೊಂಡಿದ್ದು.

ಬೂಟಿನ ಲೇಸ್ ಬಿಚ್ಚಿದೆ. ಬೂಟನ್ನು ಅಲ್ಲೇ ಬಿಟ್ಟು ಕಾಲು ಮಾತ್ರ ಹೊರಗೆಳೆದೆ. ಧಡಿಯ ಖಾಲಿ ಬೂಟಿನ ಜೊತೆ ಗುದ್ದಾಡುತ್ತಾ ನಿಂತ. ಮೆಟ್ಟಿಲ ಪಕ್ಕದ ಗೋಡೆಯಲ್ಲಿ ಒಂದು ಕೆಂಪು ಡಬ್ಬಿಯಿತ್ತು, ಬೆಂಕಿ ಬಿದ್ದರೆ ಒಡೆಯುವುದು. ಮೊಣಕೈಯಲ್ಲಿ ಒಡೆದೆ.

ಇಡೀ ಕಟ್ಟಡ ಕಿರುಚತೊಡಗಿತು! ಧಡಿಯ ತಾನಾಗಿಯೇ ಬಾಗಿಲು ತೆರೆದು, ನನ್ನನ್ನೂ ನೋಡದೆ ಮೆಟ್ಟಿಲಿಳಿದು ಓಡಿದ. ಪ್ರಾಣದ ಮೇಲೆ ಯಾರಿಗೆ ಆಸೆಯಿಲ್ಲ?

ಬೂಟು ಹಾಕಿಕೊಂಡು ಒಳಗೆ ನುಗ್ಗಿದೆ. ಕಾಲ್ ರೂಮಿನ ಬಾಗಿಲಿಗೆ ಹೊರಗಡೆಯಿಂದ ಚಿಲಕ. ತೆಗೆದೆ. ಹುಡುಗಿ ಒಳಗೆ ಗೋಡೆಗೊರಗಿ ನಿಂತಿದ್ದಳು.

"ನಿಮ್ಮಪ್ಪ ಕಳಿಸಿದ್ದು. ನಡಿ."

"ಅಕ್ಕ, ಹಿಂದೆ..."

ತಿರುಗಿದೆ. ಪರದೆ ಮಾಮ. ಇಸ್ತ್ರಿ ಮಾಡಿದ ಶರ್ಟು, ಜೇಬಿನಿಂದ ಇಣುಕುವ ಅವಳ ಕಾರ್ಡಿನ ಪಟ್ಟಿ, ಕೈಯಲ್ಲಿ ಅಡುಗೆಮನೆ ಚಾಕು.

"ಊರ ಉಸಾಬರಿ ನಿನಗ್ಯಾಕಮ್ಮ?"

"ಊರ ಮಕ್ಕಳನ್ನ ನೀನು ಇಟ್ಕೊಂಡಿದೀಯಲ್ಲ, ಅದಕ್ಕೆ."

ಕೈಗೆ ಸಿಕ್ಕ ಗಿಡ ಎತ್ತಿ ಎಸೆದೆ. ಪ್ಲಾಸ್ಟಿಕ್! ಅವನ ಎದೆಗೆ ಬಡಿದು ಗಾಳಿಪಟದ ಹಾಗೆ ಬಿತ್ತು. ಪರದೆ ಕಿತ್ತು ತೋಳಿಗೆ ಸುತ್ತಿಕೊಂಡೆ. ಅದರ ಹಿಂದೆ ಕಿಟಕಿಯಿರಲಿಲ್ಲ. ಬರೀ ಇಟ್ಟಿಗೆ ಗೋಡೆ, ಎಡಗಡೆ ಮೂಲೆಯಲ್ಲಿ ಒಂದು ಟ್ಯೂಬ್‌ಲೈಟು. ಅವನು ಬೀಸಿದ. ಚಾಕು ಪರದೆಯನ್ನು ಸೀಳಿತು, ತೋಳು ಉಳಿಯಿತು. ಕಪಾಟನ್ನು ಅವನ ಮೇಲೆ ಕೆಡವಿದೆ. ಪುಸ್ತಕಗಳೂ ಖಾಲಿ ರಟ್ಟು. ಆ ಕೋಣೆಯಲ್ಲಿ ಅಸಲಿಯಾಗಿದ್ದದ್ದು ಅವನ ಚಾಕು ಒಂದೇ.

ಅವನು ರಟ್ಟಿನ ರಾಶಿಯಿಂದ ಏಳುವಷ್ಟರಲ್ಲಿ ನಾವು ಬೀದಿಯಲ್ಲಿದ್ದೆವು.

ಓಡಿದೆವು. ಗುಂಪು ಸೀಳಿಕೊಂಡು, ಸಿಗ್ನಲ್ ಲೆಕ್ಕಿಸದೆ, ಹೊರಡುತ್ತಿದ್ದ ಟ್ರಾಮಿಗೆ ನೇತಾಡಿ. ಒಳಗೆ ಹೋದ ಮೇಲೆ ನೋಡಿಕೊಂಡೆ. ಪರದೆ ಇನ್ನೂ ನನ್ನ ತೋಳಲ್ಲೇ ಇತ್ತು. ಬ್ಯಾಗಿಗೆ ತುರುಕಿದೆ.

ಯೂನಿವರ್ಸಿಟಿ ಗೇಟಿನಲ್ಲಿ ಸೆಕ್ಯೂರಿಟಿಯವನು ಕೈ ಅಡ್ಡ ಹಿಡಿದ.

"ಕಾರ್ಡ್?"

"ಇಲ್ಲ. ಕಿತ್ಕೊಂಡಿದಾರೆ. ಹೆಸರು ಹೇಳ್ತೀನಿ, ಕಂಪ್ಯೂಟರಲ್ಲಿ ನೋಡಿ," ಅಂದಳು ಹುಡುಗಿ.

"ಕಾರ್ಡ್."

"ಪರೀಕ್ಷೆ ಶುರುವಾಗುತ್ತೆ."

"ಕಾರ್ಡ್ ಇಲ್ಲದೆ ಬಿಡಲ್ಲ."

ಕಲ್ಲನ್ನಾದರೂ ಬೇಡಿಕೊಳ್ಳಬಹುದು. ಹುಡುಗಿ ಮೆಟ್ಟಿಲ ಮೇಲೆ ಕುಸಿದು ಕೂತಳು.

"ಮುಗೀತು ಅಕ್ಕ. ಎರಡು ವರ್ಷ ಆ ನೆಲಮಾಳಿಗೆಯಲ್ಲಿ ಓದಿದ್ದು... ಒಂದು ಕಾರ್ಡಿಗೆ ಹೋಯ್ತು."

ನನಗೂ ತಲೆ ಕೆಟ್ಟಿತ್ತು. ಇಷ್ಟು ದೊಡ್ಡ ನಗರದಲ್ಲಿ ಒಬ್ಬ ಕಳ್ಳನಿಗೆ ಎಲ್ಲ ಬಾಗಿಲೂ ತೆರೆಯುತ್ತವೆ. ಓದುವ ಹುಡುಗಿಗೆ ಒಂದೂ ತೆರೆಯುವುದಿಲ್ಲ.

ಅಷ್ಟರಲ್ಲಿ ಒಂದು ಟ್ಯಾಕ್ಸಿ ಕಿರ್ರನೆ ನಿಂತಿತು. ಮಾಮ ಇಳಿದ. ಹಿಂದೆಯೇ ಧಡಿಯ.

"ಅಕ್ಕ, ಓಡೋಣ!"

"ಬೇಡ. ಕೂತ್ಕೋ."

"ಬರ್ತಿದಾರೆ ಅಕ್ಕ."

"ಬರ್ಲಿ. ನಿನ್ನ ಕಾರ್ಡೂ ಅವನ ಜೇಬಲ್ಲೇ ಬರ್ತಿದೆ."

ಮಾಮ ಹತ್ತಿರ ಬಂದ. ಗೇಟಿನವನು ನೋಡುತ್ತಾನೆಂದು ಮುಖದ ತುಂಬ ನಗು.

"ಗಲಾಟೆ ಬೇಡ. ಇಬ್ಬರೂ ಸುಮ್ಮನೆ ಕಾರ್ ಹತ್ತಿ."

ಹತ್ತುವವಳ ಹಾಗೆ ಎದ್ದೆ. ಅವನ ಜೇಬಿನಿಂದ ಇಣುಕುತ್ತಿದ್ದ ಪಟ್ಟಿ ಹಿಡಿದು ಎಳೆದೆ. ಕಾರ್ಡು ಹಾರಿ ಸೆಕ್ಯೂರಿಟಿಯವನ ಬೂಟಿನ ಮುಂದೆ ಬಿತ್ತು.

ಅವನು ಎತ್ತಿಕೊಂಡ. ಫೋಟೋ ನೋಡಿದ. ಹುಡುಗಿಯನ್ನು ನೋಡಿದ. ಆಮೇಲೆ ಮಾಮನನ್ನು.

"ಇದು ನಿಮ್ಮ ಹತ್ತಿರ ಹೇಗೆ ಬಂತು?"

"ನಾನು ಅವಳ ಸೋದರಮಾವ. ಜೋಪಾನ ಮಾಡ್ತಿದ್ದೆ."

"ಹೌದಾ?" ಅಂತ ಹುಡುಗಿಯನ್ನು ಕೇಳಿದ.

ಅವಳು ಎದ್ದು ನಿಂತಳು. "ನಮ್ಮಮ್ಮನಿಗೆ ಅಣ್ಣನೂ ಇಲ್ಲ, ತಮ್ಮನೂ ಇಲ್ಲ. ಇವನು ನನ್ನನ್ನ ಕೂಡಿಹಾಕಿದ್ದ."

"ಬೇರೆಯವರ ಕಾರ್ಡ್ ಇಟ್ಟುಕೊಳ್ಳುವ ಹಾಗಿಲ್ಲ," ಅಂದ ಸೆಕ್ಯೂರಿಟಿಯವನು. ಅದೇ ದನಿ, ಅದೇ ಕಲ್ಲುಮುಖ. ಒಂದು ಕೈಯಲ್ಲಿ ಅವಳಿಗೆ ಗೇಟು ತೆರೆದ. ಇನ್ನೊಂದು ಕೈ ಮಾಮನ ಮಣಿಕಟ್ಟಿನ ಮೇಲೆ ಮುಚ್ಚಿಕೊಂಡಿತು. ಧಡಿಯ ಎರಡನೇ ಸಲ ಕಾಲಿಗೆ ಬುದ್ಧಿ ಹೇಳಿದ.

ಹುಡುಗಿ ಪರೀಕ್ಷೆ ಬರೆದಳು. ಚೆನ್ನಾಗಿಯೇ ಬರೆದಳಂತೆ.

ಅಲಾರಂ ಕೇಳಿ ಬಂದ ಅಗ್ನಿಶಾಮಕದವರು ಬೇಸ್‌ಮೆಂಟಿಗೂ ಇಳಿದು, ಮನೆಗೆ ಬೀಗ ಹಾಕಿಸಿದ್ದರು. ಅಲ್ಲಿದ್ದ ಮಕ್ಕಳಲ್ಲಿ ಒಬ್ಬನಾದರೂ ನನಗೆ ಥ್ಯಾಂಕ್ಸ್ ಹೇಳಬೇಕಲ್ಲ? ಸಾಲಾಗಿ ಫೋನ್ ಮಾಡಿದರು. "ಅಕ್ಕ, ಎಂಥ ಕೆಲಸ ಮಾಡಿಬಿಟ್ರಿ! ಇನ್ನು ಅಮ್ಮನಿಗೆ ಎಲ್ಲಿಂದ ಕಾಲ್ ಮಾಡೋದು?"

ಸಂಜೆ ಹುಡುಗಿ ನನ್ನ ಅಡುಗೆಮನೆಯಿಂದಲೇ ಅಪ್ಪನಿಗೆ ವಿಡಿಯೋ ಕಾಲ್ ಮಾಡಿದಳು. ಹಿಂದೆ ಸುಣ್ಣ ಉದುರಿದ ಗೋಡೆ. ಒಂದೂ ಬಿಡದೆ ಹೇಳಿದಳು, ಅಳುತ್ತಲೇ ಹೇಳಿದಳು. ಮೇಷ್ಟ್ರು ಎಲ್ಲ ಕೇಳಿಸಿಕೊಂಡರು.

"ಆ ಪರದೆ ಹಿಂದೆ ಕಿಟಕಿ ಇಲ್ಲ ಅಂತ ನನಗೆ ಗೊತ್ತಿತ್ತು ಪುಟ್ಟಿ."

"ಹೇಗಪ್ಪ?"

"ಬೆಳಿಗ್ಗೆ ಮಾಡಿದ್ರೂ ಸಂಜೆ ಮಾಡಿದ್ರೂ ನಿನ್ನ ಮುಖದ ನೆರಳು ಒಂದೇ ಕಡೆ ಬೀಳ್ತಿತ್ತು. ಸೂರ್ಯ ಅಷ್ಟು ಹೊತ್ತು ಒಂದೇ ಕಡೆ ನಿಲ್ಲಲ್ಲ. ಸರ್ವಿಸ್ ಪೂರ್ತಿ ಮಕ್ಕಳಿಗೆ ಕಲಿಸಿದ್ದೇ ಅದು."

ನಾನು ಫೋನ್ ಕಸಿದುಕೊಂಡೆ. "ಗೊತ್ತಿದ್ದೂ ಸುಮ್ಮನಿದ್ರಾ ಮೇಷ್ಟ್ರೇ?"

"ಅವಳು ಅಷ್ಟು ಕಷ್ಟಪಟ್ಟು ನಗ್ತಿದ್ಲಮ್ಮ. ಹೇಗೆ ಕೇಳ್ಲಿ?"

ಬೈಯಬೇಕೆಂದು ಕಾದಿದ್ದೆ. ಫೋನನ್ನು ಹುಡುಗಿಯ ಕೈಗೇ ವಾಪಸ್ ಕೊಟ್ಟೆ.

ಮೇಷ್ಟ್ರು ಹಿಂದೆ ತಿರುಗಿ ಬಾಗಿಲು ನೋಡಿದರು. ದನಿ ತಗ್ಗಿಸಿದರು.

"ಅವಳಮ್ಮ ಈಗ ಬರ್ತಾಳೆ. ಮೊದಲೇ ಹೆದರೋ ಜೀವ. ನಾನೇ ನಿಧಾನವಾಗಿ ಹೇಳ್ತೀನಿ. ಇವತ್ತೊಂದು ದಿನ ಮಟ್ಟಿಗೆ... ಆ ಪರದೆ ಏನಾದ್ರೂ ಸಿಗುತ್ತಾ?"

ಹುಡುಗಿ ನನ್ನ ಮುಖ ನೋಡಿದಳು. ನಾನು ನನ್ನ ಬ್ಯಾಗು ನೋಡಿದೆ. ಹಲ್ಲು ಕಚ್ಚಿಕೊಂಡು ಪರದೆ ಹೊರಗೆ ತೆಗೆದೆ, ಚಾಕು ಸೀಳಿದ ಕಡೆ ಒಳಗೆ ಮಡಚಿದೆ, ಮೊಳೆ ಸುತ್ತಿಗೆ ಹುಡುಕಿಕೊಂಡು ಕುರ್ಚಿ ಹತ್ತಿದೆ.

"ಲೈಟು ಎಡಗಡೆಯಿಂದ ಬರ್ಲಮ್ಮ," ಅಂದರು ಮೇಷ್ಟ್ರು. "ಅಲ್ಲಿಂದಲೇ ಬರ್ತಿದ್ದದ್ದು."