ಕವಳೆ ಬೇಲಿ ಕಡಿದ ಮೂರು ದಿನ

"ನಿಲ್ಸಿ! ಆ ಪೊದೆಗೆ ಕತ್ತಿ ಹಾಕ್ಬೇಡಿ!"

ಹಿತ್ತಲ ಬಾಗಿಲಿನಿಂದ ಓಡಿಬಂದ ಶಮೀಮ್ ಕೂಗಿದಳು. ಎತ್ತಿದ ಕತ್ತಿ ಗಾಳಿಯಲ್ಲೇ ನಿಂತಿತು. ಕೈಗೆ ಗೋಣಿತಟ್ಟು ಸುತ್ತಿಕೊಂಡಿದ್ದ ಗಂಡಸು ನಿಧಾನವಾಗಿ ತಿರುಗಿದ.



ಸಮೀವುಲ್ಲಾ!

ಏಳು ವರ್ಷ... ಕಿವಿಯ ಪಕ್ಕ ಒಂದೆರಡು ನರೆ. ಕಣ್ಣು ಮಾತ್ರ ಅವೇ.

"ಆಫೀಸಿನ ಹುಕುಂ," ಅವನು ನೆಲ ನೋಡುತ್ತ ಹೇಳಿದ. "ಈ ಸಾಲಿನ ಕವಳೆ ಬೇಲಿ ಎಲ್ಲಾ ತೆಗೀಬೇಕಂತೆ. ಹಾವು ಸೇರ್ಕೊಂಡಿದೆ ಅಂತ ದೂರು ಹೋಗಿದೆ. ನಿಮ್ಗೆ ಹೇಳಿರ್ಬೇಕಲ್ಲ?"

ನಿಮ್ಗೆ! ಒಂದು ಕಾಲದಲ್ಲಿ 'ನೀನು' ಎಂದು ಕರೆದ ಬಾಯಿ...

"ಹೇಳಿದ್ರು," ಎಂದಳು ಅವಳು. "ಮರ್ತಿದ್ದೆ."

ಕೊಂಬೆಗಳನ್ನು ಕೊಕ್ಕೆಯಿಂದ ಎಳೆಯುತ್ತಿದ್ದ ಕೂಲಿಯ ಉಚ್ಚಂಗಮ್ಮ ಇಬ್ಬರನ್ನೂ ನೋಡಿ ನಕ್ಕಳು. "ಏನ್ ಸಾಬ್ರೇ, ಮುಳ್ಳು ಕೈಗೆ ಚುಚ್ತೋ, ಇನ್ನೆಲ್ಲಿಗೋ? ಕತ್ತಿ ಇಳಿಸ್ರೀ ಮಾರಾಯ್ರೇ, ಕೈ ನೋವಾದೀತು!"

ಅದು ಅರವತ್ತೆರಡರ ಮುಂಗಾರಿನ ಆರಂಭ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಕ್ವಾರ್ಟರ್ಸಿನ ಆ ಬೇಲಿ ಆಳೆತ್ತರಕ್ಕೆ ಬೆಳೆದಿತ್ತು. ಕಪ್ಪಗೆ ಮಾಗಿದ ಹಣ್ಣು ಕೈಗೆ ಸಿಗದೆ ಒಳಗೊಳಗೇ ಉದುರಿ ಕೊಳೆಯುತ್ತಿತ್ತು.

ಹಿಂದೆ ಬೇಲಿಯ ಆಚೆಯೇ ಸಮೀವುಲ್ಲಾನ ಮನೆ. ಸಂಜೆಯಾದರೆ ಮೂರನೇ ಮನೆಯ ನರಸಿಂಹಮೂರ್ತಿ ಮೇಷ್ಟ್ರು ಜಗಲಿಯಲ್ಲಿ ಕೂತು ರಾಗವಾಗಿ ಕಾವ್ಯ ಓದುವರು. ಶಮೀಮ್ ಬೇಲಿಯ ಈಚೆ ಕೂತು ಕೇಳುವಳು, ಅವನು ಆಚೆ. ಒಂದು ದಿನ ಅವಳ ದುಪಟ್ಟಾ ಮುಳ್ಳಿಗೆ ಸಿಕ್ಕಿತ್ತು. ನೂಲು ಹರಿಯದಂತೆ ಬಿಡಿಸಿಕೊಟ್ಟ ಕೈಗೆ ಅವಳು ಕವಳೆ ಉಪ್ಪಿನಕಾಯಿ ಕೊಟ್ಟಿದ್ದಳು. "ಇದ್ರ ಮುಂದೆ ಬಿರಿಯಾನಿ ಬೇಡ!" ಎಂದಿದ್ದ.

ಆಮೇಲೆ ಅವನ ಅಪ್ಪನ ನೌಕರಿ ಮುಗಿಯಿತು. ಮನೆ ಖಾಲಿ ಮಾಡಿ ಶಿವಮೊಗ್ಗಕ್ಕೆ ಹೋದರು. ಒಂದು ಮಾತೂ ಹೇಳದೆ!

'ಯಾಕೆ ಅಂತ ಕೇಳಿ ಕಳಿಸಬೇಕಿತ್ತು ನಾನು...' ಏಳು ವರ್ಷದಿಂದ ಪ್ರತಿ ನಮಾಜಿನ ಕೊನೆಗೆ ಇದೊಂದೇ ಮಾತು. ಬಂದ ಎರಡು ಸಂಬಂಧಗಳನ್ನೂ ಬೇಡವೆಂದು, ಹೊಲಿಗೆ ಮಿಷನ್ನಿನ ಮುಂದೆ ಇಪ್ಪತ್ತೇಳು ದಾಟಿದ್ದಳು.

ಮಧ್ಯಾಹ್ನ ಅವನು ಊಟಕ್ಕೆ ಕೂತಾಗ ಕಿಟಕಿಯಿಂದ ಕಂಡಿತು. ಮುಚ್ಚಳದ ಮೇಲೆ ಬಳ್ಳಿ ಕೆತ್ತಿದ ಹಿತ್ತಾಳೆ ಡಬ್ಬಿ!

ಅದು ಅವಳಿಗೆ ಗೊತ್ತಿದ್ದ ಡಬ್ಬಿ.

"ಫುಪ್ಪು," ಸಂಜೆ ರೊಟ್ಟಿ ತಟ್ಟುತ್ತಿದ್ದ ಸೋದರತ್ತೆ ಖಾಜಾಬೀಗೆ ಹೇಳಿದಳು. "ಅವ್ರ ಹತ್ರ ಆ ಡಬ್ಬಿ ಇನ್ನೂ ಇದೆ. ಅವ್ರ ಮನೆಯೋರು ಯಾರೋ ನಮ್ಮಲ್ಲಿ ಮರ್ತು ಹೋಗಿದ್ದಾರೆ ಅಂತ ನಾನು ಉಪ್ಪಿನಕಾಯಿ ತುಂಬಿ ಕಳ್ಸಿದ್ನಲ್ಲ, ಅದೇ..."

ಖಾಜಾಬೀಯ ಕೈಯಲ್ಲಿನ ಹಿಟ್ಟು ಹಾಗೇ ಉಳಿಯಿತು.

"ಶಮೀಮ್... ಆ ಡಬ್ಬಿ ಮರ್ತು ಬಿಟ್ಟು ಹೋಗಿದ್ದಲ್ಲಮ್ಮಾ."

"ಮತ್ತೆ?"

"ನೀನು ಹೊಲಿಗೆ ಕ್ಲಾಸಿಗೆ ಹೋಗಿದ್ದಾಗ ಅವನ ತಾಯಿ ಕರೀಮಾಬಿ ಬಂದಿದ್ಳು. ಡಬ್ಬಿ ತುಂಬ ಸಕ್ಕರೆ ತಂದು ನಿನ್ನ ಕೇಳಿದ್ಳು. ನಮ್ಮೋರಲ್ಲಿ ರಿವಾಜು ಗೊತ್ತಲ್ಲ? ಒಪ್ಪಿಗೆ ಇದ್ರೆ ಅದೇ ಡಬ್ಬೀಲಿ ಸಿಹಿ ಹೋಗ್ಬೇಕು, ಬೇರೇನೇ ಹೋದ್ರೂ ಬೇಡ ಅಂತ ಅರ್ಥ. ನಿನ್ನಪ್ಪ ಡ್ಯೂಟಿಯಿಂದ ಬರ್ಲಿ, ಕೇಳೋಣ ಅಂತ ತೊಳೆದು ಕಿಟಕೀಲಿ ಬೋರಲು ಹಾಕಿದ್ದೆ. ನಾನು ಇಳಿಹೊತ್ತಿನ ಅಸರ್ ನಮಾಜು ಮುಗ್ಸಿ ಏಳೋಷ್ಟರಲ್ಲಿ ನೀನು..."

ಶಮೀಮ್ ಗೋಡೆಗೆ ಒರಗಿದಳು.

ಸಕ್ಕರೆ ತಂದು ಹೆಣ್ಣು ಕೇಳಿದವರಿಗೆ ಉಪ್ಪು, ಹುಳಿ, ಖಾರ! ಯಾರದೇ ಪಾತ್ರೆಯನ್ನು ಖಾಲಿ ಹಿಂದಿರುಗಿಸಬಾರದೆಂದು, ಅವನಿಗೆ ಇಷ್ಟವೆಂದು, ಒತ್ತಿ ಒತ್ತಿ ತುಂಬಿದ್ದಳು. ಎಂಥ ಪ್ರೀತಿಯಿಂದ ಬೇಡವೆಂದಿದ್ದಳು!

"ಅವತ್ತೇ ಯಾಕೆ ಹೇಳ್ಲಿಲ್ಲ ಫುಪ್ಪು?"

"ಮಾರನೇ ದಿನ ಹೋದೆ. ಅವಳು ಬಾಗಿಲೇ ತೆಗೀಲಿಲ್ಲ. ಹುಡುಗಿ ಮನೆಯೋರು ಎರಡನೇ ಸಲ ಹೋಗಿ ನಿಲ್ಲೋದಾ ಅಂತ ನಂಗೂ ಹಟ ಬಂತು. ಆಮೇಲೆ... ನಿನ್ನ ಮುಖ ನೋಡಿ ಹೇಳೋಕೆ ಹೆದ್ರಿಕೆ ಆಯ್ತು. ಮಾಫ್ ಮಾಡು ಬೇಟಿ."

ಮಾಫಿ ಕೊಡುವುದಕ್ಕೂ ಅವಳಲ್ಲಿ ಅಂದು ಶಕ್ತಿ ಇರಲಿಲ್ಲ.

ಎರಡನೆಯ ದಿನ ಅವಳು ಮೂರು ಸಲ ಹಿತ್ತಲಿಗೆ ಹೋದಳು. ಮೂರು ಸಲವೂ ನೀರಿನ ತಂಬಿಗೆ ಇಟ್ಟು ಹಿಂದಿರುಗಿದಳು. ಅವನು ಬೇರು ಕೀಳುತ್ತಿದ್ದ. ಹಾರೆಯ ಪೆಟ್ಟಿಗೆ ಬುಡದಿಂದ ಬಿಳಿ ಹಾಲು ಒಸರುತ್ತಿತ್ತು.

"ಮೇಲಿಂದ ಕಡಿದ್ರೆ ಸಾಲದಾ?" ಕೊನೆಗೆ ಅಷ್ಟೇ ಕೇಳಿದಳು.

"ಬುಡ ಉಳಿದ್ರೆ ಮತ್ತೆ ಚಿಗುರುತ್ತೆ." ಅವನು ತಲೆ ಎತ್ತಲಿಲ್ಲ. "ಎಷ್ಟು ವರ್ಷ ಆದ್ರೂ."

ಅವನು ಹೊಳೆಯ ಕಡೆ ಕೈಕಾಲು ತೊಳೆಯಲು ಹೋದಾಗ ಉಚ್ಚಂಗಮ್ಮ ಹತ್ತಿರ ಬಂದಳು. "ಒಳ್ಳೇ ಮನುಷ್ಯ ಕಣವ್ವಾ. ಶಿವಮೊಗ್ಗದಲ್ಲಿ ಸ್ವಂತ ಸಸಿತೋಟ ಐತೆ, ಹಿಂಗೆ ಬೇಲಿ ಕೆಲ್ಸಾನೂ ಗುತ್ತಿಗೆ ಹಿಡೀತಾರೆ. ಹೆಂಡ್ತಿ ಇಲ್ಲ, ಮಕ್ಳಿಲ್ಲ, ಗಿಡದ ಜೊತೇಲೇ ಮಾತು. ಅಮ್ಮನೂ ಹೋದ ವರ್ಷ ತೀರ್ಕೊಂಡ್ರು."

ಕರೀಮಾಬಿ ಇಲ್ಲ! ತಪ್ಪಾಯಿತೆಂದು ಹೇಳಬೇಕಾದವರೇ ಇಲ್ಲ...

ಮೂರನೆಯ ದಿನ ಬೇಲಿ ಇರಲಿಲ್ಲ. ಬೇಲಿಯಿದ್ದ ಕಡೆ ಬಯಲು. ಅವನು ಹಗ್ಗ ಹಿಡಿದು, ಹೊಸ ಬೇಲಿಗೆ ಗೇಣಿಗೊಂದರಂತೆ ಮದರಂಗಿ ಕಡ್ಡಿ ನೆಡುತ್ತಿದ್ದ. ಸಂಜೆಯ ಬಸ್ಸಿಗೆ ಹೊರಡುವವನಿದ್ದ.

ಶಮೀಮ್ ಅವನ ಊಟದ ಖಾಲಿ ಡಬ್ಬಿಯನ್ನು ಉಚ್ಚಂಗಮ್ಮನ ಕೈಲಿ ತರಿಸಿಕೊಂಡಳು. ಹುಣಸೆ ಹಾಕಿ ಫಳಫಳ ಹೊಳೆಯುವಂತೆ ತಿಕ್ಕಿದಳು. 'ಯಾ ಅಲ್ಲಾ, ಇವತ್ತು ನನ್ನ ನಾಲಿಗೆ ಕಟ್ಟಬೇಡ.'

"ನಿಮ್ಮ ಡಬ್ಬಿ," ಎಂದು ಮುಂದೆ ಹಿಡಿದಳು.

ಅವನು ಅದನ್ನೇ ನೋಡಿದ. "ಮತ್ತೆ ಉಪ್ಪಿನಕಾಯಾ?" ನಗು ತರಲು ಹೋಗಿ ಸೋತ.

"ತೆಗ್ದು ನೋಡಿ."

ಮುಚ್ಚಳ ತೆರೆಯಿತು. ಅಂಚಿನವರೆಗೂ ಸಕ್ಕರೆ.

ಅವನು ಮಣ್ಣಾದ ಬೆರಳನ್ನು ಅಂಗಿಗೆ ಒರೆಸಿಕೊಂಡ. "ಇದು..."

"ನಂಗೆ ಗೊತ್ತಿರ್ಲಿಲ್ಲ! ನಿಮ್ಮ ಅಮ್ಮಿ ಬಂದಿದ್ದೂ ಗೊತ್ತಿಲ್ಲ, ಸಕ್ಕರೆ ತಂದಿದ್ದೂ ಗೊತ್ತಿಲ್ಲ. ಮೊನ್ನೆ ಸಂಜೆ ಫುಪ್ಪು ಹೇಳಿದ್ರು. ನಿಮ್ಗೆ ಇಷ್ಟ ಅಂತ ತುಂಬಿದ್ದೆ... ಅಷ್ಟೇ. ಖುದಾ ಸಾಕ್ಷಿ."

ಕಾರ್ಖಾನೆಯ ಸೈರನ್ ಕೂಗಿ ನಿಂತಿತು.

"ಅಮ್ಮಿ ಅದನ್ನ ಎಸೀಲಿಲ್ಲ ಶಮೀಮ್," ಎಂದ ಕೊನೆಗೆ. "ದಿನಾ ಒಂದೊಂದೇ ಹೋಳು ತಿಂದು ಮುಗಿಸಿದ್ಳು. 'ಹುಡುಗಿ ಕೈಯಲ್ಲಿ ರುಚಿ ಐತೆ, ಮನಸ್ಸೇ ಇಲ್ಲ' ಅಂತಿದ್ಳು. ಇನ್ನೊಂದು ಮನೆಗೆ ಡಬ್ಬಿ ತಗೊಂಡು ಹೋಗೋಕೆ ನಾನು ಬಿಡ್ಲಿಲ್ಲ."

ಅವಳು ದುಪಟ್ಟಾದ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು.

"ಅಳ್ಬೇಡ. ತಪ್ಪು ನಂದೂ ಇದೆ. ನಡುವೆ ಒಂದು ಬೇಲಿ ಅಷ್ಟೇ ಇತ್ತು... ನಾನು ಕೂಗಿ ಕೇಳ್ಬೋದಿತ್ತು."

"ನಾನೂ..."

ಅವನು ಸಕ್ಕರೆ ಬಾಯಿಗೆ ಹಾಕಿಕೊಳ್ಳಲಿಲ್ಲ. ಮುಚ್ಚಳ ಭದ್ರವಾಗಿ ಒತ್ತಿದ.

"ಯಾಕೆ? ಬೇಡ್ವಾ?" ಅವಳು ಮುಖದಿಂದ ದುಪಟ್ಟಾ ಸರಿಸಿ ಕೇಳಿದಳು.

"ಇದು ಅಮ್ಮಿಗೆ ಬರ್ಬೇಕಾಗಿದ್ದ ಜವಾಬು. ನಾಳೆ ಅವಳ ಗೋರಿ ಹತ್ರ ಈ ಸಕ್ಕರೆ ಇಟ್ಟು ಅವಳ ಹೆಸ್ರಲ್ಲಿ ಫಾತಿಹಾ ಓದಿಸ್ತೀನಿ. ಅವಳದಾದ ಮೇಲೆ ನಂದು." ಡಬ್ಬಿಯನ್ನು ಕಂಕುಳಿಗೆ ಸೇರಿಸಿಕೊಂಡ. "ಶುಕ್ರವಾರ ನಿನ್ನಪ್ಪನ ನೋಡೋಕೆ ಬರ್ತೀನಿ. ಬರ್ಲಾ?"

ನಿನ್ನಪ್ಪ... ಅವಳು ಹೂಂ ಎಂದು ತಲೆಯಾಡಿಸಿದಳು. ಎಲೆಯಿಲ್ಲದ ಕಡ್ಡಿಗಳ ಸಾಲನ್ನು ನೋಡಿದಳು.

"ಇದು ಕೈಗೆ ಹಚ್ಚೋಷ್ಟು ಬೆಳೆಯೋಕೆ ಎಷ್ಟು ದಿನ ಬೇಕು?"

"ಒಂದು ವರ್ಷ."

"ಏಳು ಕಳೀತು. ಇನ್ನೊಂದು ನನ್ ಕೈಲಾಗಲ್ಲ."

ಅವನು ಮೊದಲ ಬಾರಿಗೆ ನಕ್ಕ. ಕಣ್ಣು ಮಾತ್ರ ಒದ್ದೆಯಾಗಿಯೇ ಇತ್ತು.

"ನನ್ನ ತೋಟದಲ್ಲಿ ಬೆಳೆದಿರೋ ಗಿಡ ಇದೆ ಶಮೀಮ್. ಶುಕ್ರವಾರ ಬರ್ತಾ ಸೊಪ್ಪು ತರ್ತೀನಿ."